ಅಪ್ಪನ ಪಾಲಿನ ಮುದ್ದೆ

ನಾನು ಬೆಳೆದದ್ದು ಅಪ್ಪನ ಪಾಲಿನ ಮುದ್ದೆ ತಿಂದು. ಮಾತಿನ ಚಂದಕ್ಕೆ ಹೀಗನ್ನುತ್ತಿಲ್ಲ, ನಡೆದದ್ದೇ ಹಾಗೆ. ಸಂಜೆ ಅವ್ವ ಒಲೆಯ ಮುಂದೆ ಕೂತು ಅಜ್ಜಿಗೆ, ತನಗೆ, ನನಗೆ ಅಂತ ಮುದ್ದೆ ಕಟ್ಟಿ ಮುಗಿಸಿದ ಮೇಲೆ, ಎಲ್ಲಕ್ಕಿಂತ ದಪ್ಪನಾದ ಇನ್ನೊಂದನ್ನು ಅಂಗೈಗೆ ನೀರು ಸವರಿಕೊಂಡು ನುಣ್ಣಗೆ ಉರುಳಿಸಿ, ಅಂಚು ನೆಗ್ಗಿದ ತಟ್ಟೆಯೊಂದರಲ್ಲಿ ಇಟ್ಟು, ಪಕ್ಕದಲ್ಲಿ ಬಟ್ಟಲು ಸಾರಿಟ್ಟು, ಮೇಲೆ ಮೊರ ಮುಚ್ಚುತ್ತಿದ್ದಳು. ಅದು ಅಪ್ಪನದು. ಅಪ್ಪ ಬರಬಹುದು, ಬಂದರೆ ಹಸಿದೇ ಬರುತ್ತಾನೆ, ಹಸಿದು ಬಂದವನನ್ನು ಕೂರಿಸಿಕೊಂಡು ಆಗ ಒಲೆ ಹಚ್ಚಲಿಕ್ಕಾಗುತ್ತದೆಯೇ ಎಂಬುದು ಅಜ್ಜಿಯ ವಾದ. ಅಪ್ಪ ಬರುತ್ತಿರಲಿಲ್ಲ. ಬೆಳಗ್ಗೆ ನಾನು ಮುಖ ತೊಳೆದು ಬರುವಷ್ಟರಲ್ಲಿ ಅವ್ವ ಆ ತಣ್ಣನೆಯ ಮುದ್ದೆಯನ್ನು ಮಜ್ಜಿಗೆಗೆ ಕಿವುಚಿ, ಒಂದು ಹರಳು ಉಪ್ಪು ಹಾಕಿ, ಈರುಳ್ಳಿ ಗುದ್ದಿ ಮುಂದಿಡುತ್ತಿದ್ದಳು. ಬರಲಿಲ್ಲ ನೋಡು ಎಂದು ಯಾರೂ ಅನ್ನುತ್ತಿರಲಿಲ್ಲ.

"ಉಂಡ್ಕೋ ಮಗ. ನಿಮ್ಮಪ್ಪನ ಪಾಲು ನಿಂಗೇ ಬಂತು ಇವತ್ತು."

ಇವತ್ತು ಎಂಬ ಮಾತು ಮಾತ್ರ ದಿನವೂ ಇರುತ್ತಿತ್ತು, ನಾಳೆ ಬೇರೆಯಾಗಬಹುದು ಎನ್ನುವ ಹಾಗೆ.

ನಮ್ಮೂರನ್ನು ಊರು ಅನ್ನುವುದಕ್ಕೆ ಕೆಳಗಿನವರಿಗೆ ನಗು ಬರುತ್ತಿತ್ತು. ಕೊಣನೂರಿನಿಂದ ಬಸ್ಸು ಇಳಿದು, ಹೊಲಗಳ ನಡುವೆ ನಡೆದು, ಕೆಳಗಿನ ಊರು ದಾಟಿ, ಅಲ್ಲಿಂದ ಬೆಟ್ಟ ಹತ್ತಿದರೆ ಬಂಡೆಗೆ ಬೆನ್ನು ಕೊಟ್ಟು ಕೂತ ಒಂದು ಹಿಡಿ ಮನೆಗಳು. ಅದೇ ಮೇಗಲಕೊಪ್ಪಲು. ಹತ್ತುವುದಕ್ಕೆ ದಾರಿ ಎಂದು ಯಾರೂ ಮಾಡಿದ್ದಲ್ಲ, ಮೇಕೆಗಳು ಮಾಡಿದ್ದು. ನೀರು ಬೇಕೆಂದರೆ ಅರ್ಧ ಬೆಟ್ಟ ಇಳಿದು ಬಂಡೆಯ ನಡುವಿನ ದೊಣೆಗೆ ಹೋಗಬೇಕು. ಬೆಳೆಯುತ್ತಿದ್ದದ್ದು ರಾಗಿ, ಹುರುಳಿ, ಹುಚ್ಚೆಳ್ಳು. ಹುಚ್ಚೆಳ್ಳು ಹೂ ಬಿಟ್ಟ ಕೆಲವು ದಿನ ಬೆಟ್ಟದ ಮೈಯೆಲ್ಲ ಅರಿಶಿನ ಮೆತ್ತಿಕೊಂಡ ಹಾಗಿರುತ್ತಿತ್ತು, ಮಿಕ್ಕ ದಿನವೆಲ್ಲ ಕಲ್ಲಿನ ಬಣ್ಣ. ಮನೆಯ ಹಿಂದಿನ ಬಂಡೆ ಏರಿ ನಿಂತರೆ ದೂರದಲ್ಲಿ ಕಾವೇರಿ ಒಂದು ಗೀರಿನ ಹಾಗೆ ಕಾಣುತ್ತಿತ್ತು. ರಾಮನಾಥಪುರದ ಕಡೆ ಹೊಗೆಸೊಪ್ಪು ಬೇಯಿಸುವ ಕಾಲದಲ್ಲಿ ಬ್ಯಾರನ್ನು ಎಂಬ ಗೂಡುಮನೆಗಳಿಂದ ಹೊಗೆ ಏಳುತ್ತಿತ್ತು. ರಸ್ತೆಯಲ್ಲಿ ಬಸ್ಸುಗಳು ಹುಳುವಿನ ಹಾಗೆ ಹರಿದು ಹೋಗುತ್ತಿದ್ದವು, ಸದ್ದು ಮಾತ್ರ ನಮ್ಮವರೆಗೆ ಬರುತ್ತಿರಲಿಲ್ಲ. ಎಲ್ಲವೂ ಕಾಣುವ, ಏನೂ ಕೇಳದ ಜಾಗ ಅದು. ಅಲ್ಲಿದ್ದ ಮಕ್ಕಳೆಂದರೆ ನಾನೊಬ್ಬಳೇ. ಉಳಿದವರು ಒಂದೋ ನಡೆಯಲು ಬಾರದ ಕೂಸುಗಳು, ಇಲ್ಲವೇ ಮದುವೆಗೆ ಬಂದವರು. ನಾನು ಮೇಕೆಮರಿಗಳಿಗೆ ಹೆಸರಿಟ್ಟು ಜಗಳ ಆಡುತ್ತಿದ್ದೆ. ಗೆದ್ದವಳೂ ನಾನೇ, ಸೋತು ಅಳುವವಳೂ ನಾನೇ.

ಅಪ್ಪ ಹೋದಾಗ ನಾನಿನ್ನೂ ಅಂಬೆಗಾಲಿನವಳು. ಯಾರದೋ ಹೊಗೆಸೊಪ್ಪಿನ ಹೊರೆ ಹೇರಿದ ಗಾಡಿಯ ಜೊತೆ ರಾಮನಾಥಪುರಕ್ಕೆ ಹೋದವನು ಗಾಡಿ ವಾಪಸ್ಸು ಬಂದರೂ ತಾನು ಬರಲಿಲ್ಲ. ಜಗಳವಿಲ್ಲ, ಮುನಿಸಿಲ್ಲ. ಹೊಳೆಯಲ್ಲಿ ಹುಡುಕಿದರು, ಸಿಕ್ಕಲಿಲ್ಲ. ಕೊಡಗಿನ ತೋಟದಲ್ಲಿ ಕಂಡೆ ಎಂದ ಒಬ್ಬ. ಹಾಸನದ ಬಸ್‌ಸ್ಟ್ಯಾಂಡಿನಲ್ಲಿ ಟೀ ಕುಡಿಯುತ್ತಿದ್ದ, ಕೂಗಿದರೆ ತಿರುಗಲಿಲ್ಲ ಎಂದ ಇನ್ನೊಬ್ಬ. ದೊಡ್ಡಪ್ಪ ಎರಡು ಕಡೆಗೂ ಹೋಗಿ ಬಂದ. ಆಮೇಲೆ ಯಾರೂ ಕಂಡೆ ಎನ್ನುವುದನ್ನೂ ಬಿಟ್ಟರು. ಮನೆಯಲ್ಲಿ ಅಪ್ಪನ ಒಂದು ಫೋಟೋ ಕೂಡ ಇರಲಿಲ್ಲ. ನನಗೆ ಅಪ್ಪ ಎಂದರೆ ಮೊರದ ಕೆಳಗಿನ ದಪ್ಪ ಮುದ್ದೆ.

ಮನೆ ಒಂದೇ, ಒಲೆ ಎರಡು. ನಡುಮನೆಯ ಬಲಗಡೆ ದೊಡ್ಡಪ್ಪ, ದೊಡ್ಡವ್ವ, ಅವರ ಮಗಳು ಲಕ್ಷ್ಮಕ್ಕ. ಎಡಗಡೆ ಅಜ್ಜಿ, ಅವ್ವ, ನಾನು. ನಡುಮನೆ ಇಬ್ಬರದೂ ಆದ್ದರಿಂದ ಯಾರದೂ ಅಲ್ಲದ ಹಾಗೆ ಖಾಲಿಯಾಗಿರುತ್ತಿತ್ತು. ಅವ್ವ ಮಾತು ಕಮ್ಮಿ. ಭಾವನ ಎದುರು ನಿಂತು ಮಾತಾಡುವ ವಾಡಿಕೆ ಇರಲಿಲ್ಲವಾಗಿ ದೊಡ್ಡಪ್ಪ ಬಂದರೆ ಅಡಿಗೆಮನೆಯ ಬಾಗಿಲ ಮರೆಗೆ ಸರಿದು ಬಿಡುತ್ತಿದ್ದಳು. ಹೇಳುವುದೇನಾದರೂ ಇದ್ದರೆ "ರತ್ನಿ, ನಿಮ್ ದೊಡ್ಡಪ್ಪಂಗೆ ಏಳು" ಎಂದು ನನ್ನ ಬಾಯಲ್ಲಿ ಹೇಳಿಸುತ್ತಿದ್ದಳು, ಅವರಿಬ್ಬರ ನಡುವೆ ಇದ್ದದ್ದು ಒಂದು ಮಣ್ಣಿನ ಗೋಡೆಯಷ್ಟೇ ಆದರೂ.

ಅಜ್ಜಿ ಇದಕ್ಕೆ ಪೂರಾ ತಿರುಗಾಮುರುಗಾ. ಕಣ್ಣು ಬಿಟ್ಟಾಗಿನಿಂದ ಮಾತು. ಆದರೆ ಆಡುತ್ತಿದ್ದದ್ದು ನಮ್ಮ ಜೊತೆಯಲ್ಲ, ಇಲ್ಲದ ಮಗನ ಜೊತೆ. ರಾಗಿ ಕೇರುತ್ತಾ, ಸಗಣಿ ತಟ್ಟುತ್ತಾ, ನನ್ನ ತಲೆಯಲ್ಲಿ ಹೇನು ಹೆಕ್ಕುತ್ತಾ ಅವಳ ಮಾತೆಲ್ಲ ಅಪ್ಪನಿಗೇ.

"ನೋಡ್ಲಾ ಪುಟ್ಸಾಮಿ, ನಿನ್ ಮಗ್ಳು ತಲೆ ನೋಡು, ಹೇನಲ್ಲ ಕಣ್ಲಾ ಕುರಿಮಂದೆ. ನಿನ್ ಎಂಡ್ರು ಬಾಚ್ತಾಳಂತೆ, ಎಲ್ಲಿ ಬಾಚ್ತಾಳೆ? ಮೊನ್ನೆ ಸಂತೇಲಿ ಬಾಚಣಿಗೆ ತರ್ಸಾನ ಅಂದ್ರೆ ನಿಮ್ಮಣ್ಣ ಮರ್ತು ಬಂದವ್ನೆ. ನೀನಾದ್ರೆ ಮರೀತಿದ್ದಾ? ಇಲ್ಲ ಬುಡು, ನೀನೂ ಮರೀತಿದ್ದೆ. ಮರ್ತೇ ತಾನೆ ಕೂತಿರಾದು."

ಹೀಗೆ ಬೈದು, ತಾನೇ ನಕ್ಕು, ಸೆರಗಿನಲ್ಲಿ ಮೂಗು ಒರೆಸಿಕೊಳ್ಳುತ್ತಿದ್ದಳು. ನಾನು ಕನ್ನಡ ಕಲಿತದ್ದು ಈ ಒಂದು ಬದಿಯ ಸಂಭಾಷಣೆಯನ್ನು ಕೇಳಿ. ಇವತ್ತಿಗೂ ನಾನು ಬರೆಯುವಾಗ ಎದುರಿಗಿರುವವರನ್ನು ಬಿಟ್ಟು ಇನ್ಯಾರಿಗೋ ಹೇಳುತ್ತಿದ್ದೇನೆ ಎಂದು ಅನ್ನಿಸುವುದಿದ್ದರೆ ಅದಕ್ಕೆ ಕಾರಣ ಅವಳೇ. ಆಗ ನನಗೆ ಬೇಕಾಗಿದ್ದದ್ದು ಬೇರೆ. ಮಾತಾಡಿದರೆ ಉತ್ತರ ಬರುವ ಮನೆ ಬೇಕಾಗಿತ್ತು. ಅವ್ವ ಮಾತಾಡುವುದಿಲ್ಲ, ಅಜ್ಜಿ ಮಾತಾಡುವುದು ನನ್ನ ಜೊತೆಯಲ್ಲ. ಕೆಳಗಿನ ಊರಿನ ಶಾಲೆಯ ಮಕ್ಕಳು ಬೆಲ್ಲು ಹೊಡೆದರೆ ಗುಂಪಾಗಿ ತಮ್ಮ ಬೀದಿಗೆ ಓಡುತ್ತಿದ್ದರು, ನಾನೊಬ್ಬಳು ಬೆಟ್ಟದ ಕಡೆ. ಅವರಿಗೆ ನನ್ನಿಂದ ತಿಳಿಯಬೇಕಾಗಿದ್ದದ್ದು ಒಂದೇ.

"ಲೇ ಮ್ಯಾಗಲ ಕೊಪ್ಲೋಳೇ, ನಿಮ್ಮಪ್ಪ ಬದ್ಕವ್ನಾ, ಸತ್ತೋಗವ್ನಾ?"

"ಬತ್ತಾನೆ" ಎನ್ನುತ್ತಿದ್ದೆ ನಾನು. ಅದು ಆ ಪ್ರಶ್ನೆಗೆ ಉತ್ತರವಲ್ಲ ಎಂದು ನನಗೂ ಗೊತ್ತಿತ್ತು.

ನಮ್ಮ ಕಡೆ ಒಕ್ಕಲು ಮನೆಗಳಲ್ಲಿ ಮಾರ್ನಮಿಯ ಹೊತ್ತಿಗೆ ಹಿರಿಯರಿಗೆ ಎಡೆ ಇಡುವುದುಂಟು, ನೀವೂ ಕಂಡಿರುತ್ತೀರಿ. ಸತ್ತವರಿಗೆ ಒಬ್ಬೊಬ್ಬರಿಗೂ ಒಂದೊಂದು ಬಾಳೆಲೆ ಹಾಸಿ, ಗಂಡಸಾದರೆ ಪಂಚೆ, ಹೆಂಗಸಾದರೆ ಸೀರೆ ಇಟ್ಟು, ಅವರವರು ಇಷ್ಟಪಡುತ್ತಿದ್ದದ್ದನ್ನು ಬಡಿಸಿ, ಧೂಪ ಹಾಕಿ, ಮನೆಯವರೆಲ್ಲ ಹೊರಗೆ ಬಂದು ಬಾಗಿಲು ಮುಚ್ಚುವುದು. ಸತ್ತವರು ಬಂದು ಸಂಕೋಚವಿಲ್ಲದೆ ಉಣ್ಣಲಿ ಎಂದು. ನಮ್ಮ ಅಜ್ಜಿಯ ಕಟ್ಟಳೆ ಏನೆಂದರೆ, ಇದ್ದವರಿಗೆ ತಟ್ಟೆ, ಸತ್ತವರಿಗೆ ಎಲೆ. ಮನೆಯಲ್ಲಿ ಬೇರೆ ದಿನ ಯಾರಿಗೂ ಬಾಳೆಲೆಯಲ್ಲಿ ಬಡಿಸಲು ಬಿಡುತ್ತಿರಲಿಲ್ಲ. ಅಪ್ಪನ ಮುದ್ದೆ ತಟ್ಟೆಯಲ್ಲಿರುವ ತನಕ ಅಪ್ಪ ಇದ್ದಾನೆ.

ಆ ವರ್ಷ ದೊಡ್ಡಪ್ಪನ ಎತ್ತು ಕಲ್ಲಿನ ಮೇಲೆ ಜಾರಿ ಕಾಲು ಮುರಿದುಕೊಂಡಿತು. ಲಕ್ಷ್ಮಕ್ಕನಿಗೆ ಬಂದ ಸಂಬಂಧ ಇನ್ನೇನು ವೀಳ್ಯ ಎನ್ನುವಷ್ಟರಲ್ಲಿ ತಪ್ಪಿಹೋಯಿತು. ದೊಡ್ಡಪ್ಪ ಯಾರದೋ ಮಾತು ಕೇಳಿ ಹೊಳೆಯಾಚೆ ಹೋಗಿ ಶಾಸ್ತ್ರ ಕೇಳಿಸಿಕೊಂಡು ಬಂದ. ಬಂದವನು ಜಗಲಿಯ ಮೇಲೆ ಕೂತು ನೀರನ್ನೂ ಕುಡಿಯದೆ ಹೇಳಿದ.

"ಮನೇಲಿ ಒಬ್ರು ಉಪಾಸ ಕೂತವ್ರೆ ಅಂದ್ರು ಕಣವ್ವ. ಮಿಕ್ಕೋರು ಉಣ್ತಾ ಇದ್ರೆ ನೋಡ್ಕಂಡು ನಿಂತವ್ರಂತೆ. ಯಾರು ಅಂತ ನಾನ್ ಬಾಯ್ಬುಟ್ಟು ಏಳ್ಬೇಕಾ?"

"ನನ್ ಮಗ ಯಾಕ್ಲಾ ಉಪಾಸ ಕೂರ್ತಾನೆ? ದಿನಾ ಮುದ್ದೆ ಇಕ್ತಿಲ್ವಾ?" ಎಂದಳು ಅಜ್ಜಿ.

"ಅದು ಉಣ್ಣೋಳು ರತ್ನಿ ಕಣವ್ವ. ನೀನು ತಟ್ಟೇಲಿಕ್ಕಿದ್ರೆ ಅವ್ನು ಎಂಗ್ ಉಣ್ತಾನೆ? ಎಲೆ ಆಕ್ಬೇಕು. ಈ ಮಾರ್ನಮಿಗೆ ಆಕಾನ."

"ಆಕ್ನೋಡು. ಬದ್ಕಿರೋನ್ಗೆ ಎಲೆ ಆಕಿದ್ರೆ ಇರೋ ಆಯಸ್ಸೂ ಎಲೆ ಜೊತೆ ಮಡ್ಚೋಯ್ತದೆ. ನಿನ್ನ ಎತ್ತಿನ ಕಾಲು ನನ್ ಮಗನ ತಲೆ ಮ್ಯಾಲೆ ತರ್ಬ್ಯಾಡ."

ಆ ಮಾತು ಅಲ್ಲಿಗೆ ಮುಗಿಯಲಿಲ್ಲ, ದಿನಾ ಒಂದಿಷ್ಟು ಬೆಳೆಯಿತು. ದೊಡ್ಡಪ್ಪ ಕೆಟ್ಟವನಲ್ಲ. ತಮ್ಮನನ್ನು ಹುಡುಕಿ ಸವೆಸಿದ ಚಪ್ಪಲಿ ಅವನದೇ. ಆದರೆ ಮಗಳು ಮೂಲೆಯಲ್ಲಿ ಕೂತು ಅಳುತ್ತಿದ್ದಳು. ಅವಳ ಅಳು ನಿಲ್ಲುವುದಿದ್ದರೆ ಒಂದು ಎಲೆ ಏನು ಮಹಾ ಎಂದು ಅವನಿಗೆ ಕಂಡಿರಬೇಕು. ಇದರ ನಡುವೆಯೇ ಹರದನಹಳ್ಳಿ ಕಡೆಯಿಂದ ನನ್ನ ಸೋದರಮಾವ ಬೆಟ್ಟ ಹತ್ತಿ ಬಂದ. ಅರಕಲಗೂಡಿನ ಹೆಣ್ಣುಮಕ್ಕಳ ಹಾಸ್ಟೆಲ್ಲಿನಲ್ಲಿ ಅಡುಗೆಗೆ ಒಬ್ಬರು ಬೇಕಾಗಿದ್ದಾರೆ, ಅಕ್ಕನನ್ನು ಕಳಿಸಿಕೊಡಿ, ಸ್ವಲ್ಪ ಕಾಲವಾದ ಮೇಲೆ ರತ್ನಿಯನ್ನೂ ಅಲ್ಲೇ ಸೇರಿಸಬಹುದು ಎಂದ. ಅಜ್ಜಿ ಕೈಯಲ್ಲಿದ್ದ ಮೊರ ಕೆಳಗಿಟ್ಟಳು.

"ಗಂಡ ಇರೋಳು ಊರೋರ್ಗೆ ಬೇಯ್ಸಾಕಾಕೆ ಓಗ್ತಾಳಾ? ನನ್ ಮಗ ಬಂದು ಎಲ್ಲಮ್ಮ ನನ್ನೆಂಡ್ರು ಅಂದ್ರೆ ಏನ್ ಏಳ್ಲಿ?"

"ಅತ್ತೆ, ಬರೋನಾಗಿದ್ರೆ ಇಷ್ಟೊತ್ಗೆ..." ಎಂದು ಮಾವ ರಾಗ ಎಳೆದ.

"ಬರಾಕಿಲ್ಲ ಅಂತ ಗೊತ್ತಾದ್ ದಿನ ಕಳಿಸ್ಕೊಡ್ತೀನಿ. ಅವತ್ತು ಅವ್ಳು ನನ್ ಸೊಸೇನೂ ಅಲ್ಲ, ಈ ಮನೆ ಋಣಾನೂ ಇಲ್ಲ."

ಹೀಗೆ ಎಲ್ಲವೂ ಒಂದು ಬಾಳೆಲೆಗೆ ಬಂದು ನಿಂತಿತು. ಎಲೆ ಹಾಕಿದರೆ ಅಪ್ಪ ಸತ್ತ, ಅವ್ವ ಬೆಟ್ಟ ಇಳಿಯಬಹುದು, ನಾನೂ ಒಂದು ದಿನ ಇಳಿಯಬಹುದು. ಎಲೆ ಹಾಕದಿದ್ದರೆ ಅಪ್ಪ ಇದ್ದಾನೆ, ನಾವಿಬ್ಬರೂ ಅಲ್ಲೇ. ದೊಡ್ಡವ್ವ ದೊಣೆಯ ಹತ್ತಿರ ಬಿಂದಿಗೆ ತುಂಬುತ್ತಾ ಇನ್ನೊಬ್ಬಳ ಹತ್ತಿರ "ಎಲೆ ಆಕುದ್ಮೇಲೆ ಬಳೆನೂ ತೆಗೀಬೇಕಲ್ಲ, ಪಾಪ" ಎಂದದ್ದು ನನ್ನ ಕಿವಿಗೆ ಬಿತ್ತು, ಹಿಂದೆ ಬಿಂದಿಗೆ ಹೊತ್ತು ಬರುತ್ತಿದ್ದ ಅವ್ವನ ಕಿವಿಗೂ ಬಿತ್ತು. ಅವ್ವ ಬಿಂದಿಗೆ ತೊಳೆದಳು. ನೀರು ತುಂಬಿಕೊಂಡಳು, ಸಿಂಬೆ ಸರಿ ಮಾಡಿಕೊಂಡಳು, ನಡೆದಳು. ಮಗ ಇದ್ದಾನೆ ಎನ್ನಲು ತಾಯಿಯಿದ್ದಳು, ತಮ್ಮ ಸತ್ತ ಎನ್ನಲು ಅಣ್ಣನಿದ್ದ. ಗಂಡ ಏನಾದ ಎಂದು ಹೆಂಡತಿಯನ್ನು ಕೇಳಿದವರು ಇಡೀ ಕೊಪ್ಪಲಿನಲ್ಲಿ ಒಬ್ಬರೂ ಇರಲಿಲ್ಲ.

ಎಡೆಯ ದಿನ ಬೆಳಗಿನಿಂದ ಎರಡೂ ಒಲೆಗಳು ಉರಿದವು. ಕಜ್ಜಾಯ, ವಡೆ, ಕೋಳಿಸಾರು, ಕುಂಬಳಕಾಯಿ ಪಲ್ಯ. ನಡುಮನೆಗೆ ಅವತ್ತೊಂದು ದಿನ ಜೀವ ಬರುತ್ತಿತ್ತು. ಸಾರಿಸಿ ರಂಗೋಲಿ ಎಳೆದು, ಗೋಡೆಯ ಬದಿಗೆ ದೊಡ್ಡಪ್ಪ ಸಾಲಾಗಿ ಎಲೆ ಹಾಸಿದ. ತಾತನಿಗೆ, ತಾತನ ಅಪ್ಪ ಅಮ್ಮನಿಗೆ, ಚಿಕ್ಕಂದಿನಲ್ಲೇ ತೀರಿಹೋದ ಒಬ್ಬ ಅತ್ತೆಗೆ. ಎಲ್ಲ ಆದ ಮೇಲೆ, ಸಾಲಿನ ತುದಿಯಲ್ಲಿ ಇನ್ನೊಂದು ಎಲೆ ಹಾಸಿ, ಅದಕ್ಕೂ ಬಡಿಸಿ, ಮಡಿಕೆ ಬಿಚ್ಚದ ಹೊಸ ಪಂಚೆಯೊಂದನ್ನು ಇಟ್ಟ. ಅಜ್ಜಿ ಧೂಪದ ಕೆಂಡ ಹಿಡಿದು ಬಂದವಳು ಹೊಸ್ತಿಲಲ್ಲೇ ನಿಂತಳು.

"ಅದ್ಯಾರ್ದುಲಾ?"

"ನಿಂಗೂ ಗೊತ್ತು, ನಂಗೂ ಗೊತ್ತು. ಒಳ್ಳೇ ದಿನ ಕಣವ್ವ, ಜಗಳ ತೆಗೀಬ್ಯಾಡ. ನನ್ನೂ ಒಸಿ ನೋಡು."

ಅಜ್ಜಿ ಕೂಗಾಡುತ್ತಾಳೆ, ಎಲೆ ಹರಿದು ಹಾಕುತ್ತಾಳೆ ಎಂದು ನಾನು ಅವ್ವನ ಸೆರಗು ಹಿಡಿದುಕೊಂಡೆ. ಅವಳು ಹಾಗೇನೂ ಮಾಡಲಿಲ್ಲ. ಕೆಂಡ ಕೆಳಗಿಟ್ಟು ಬಂದು, ಆ ಎಲೆಯ ಮುಂದೆ ಬಗ್ಗಿ, ಬಡಿಸಿದ್ದನ್ನೆಲ್ಲ ಒಂದೊಂದಾಗಿ ನೋಡಿದಳು.

"ಉಳ್ಳಿಕಟ್ಟಿನ ಸಾರೆಲ್ಲಿ? ಅದಿಲ್ದೆ ಅವ್ನು ಉಂಡವ್ನಾ ಯಾವತ್ತಾದ್ರೂ? ಜಯಿ, ತತ್ತಾ ಇಲ್ಲಿ."

ಅವ್ವ ಬೆಳಗ್ಗೆಯೇ ಹುರುಳಿ ಬೇಯಿಸಿ ಬಸಿದಿಟ್ಟಿದ್ದಳು, ಯಾರೂ ಹೇಳದೆ. ಬಟ್ಟಲು ತಂದು ಕೊಟ್ಟಳು. ಅಜ್ಜಿ ತಾನೇ ಮುದ್ದೆಯ ನೆತ್ತಿಯಲ್ಲಿ ಗುಣಿ ಮಾಡಿ ಸಾರು ಬಿಟ್ಟಳು. ಒಪ್ಪಿಬಿಟ್ಟಳು ಎಂದು ದೊಡ್ಡಪ್ಪ ಕಣ್ಣೊರೆಸಿಕೊಂಡ. ಧೂಪದ ಹೊಗೆ ತುಂಬಿದ ಮೇಲೆ ಎಲ್ಲರೂ ಹೊರಗೆ ಬಂದೆವು, ಬಾಗಿಲು ಮುಚ್ಚಿಕೊಂಡಿತು.

ದೀಪ ಹಚ್ಚುವ ಹೊತ್ತು. ಕೊಪ್ಪಲಿನ ಮನೆಮನೆಯಲ್ಲೂ ಬಾಗಿಲು ಮುಚ್ಚಿತ್ತು, ಊರಿಗೆ ಊರೇ ತಂತಮ್ಮ ಮನೆಯ ಹೊರಗೆ ಕೂತಿತ್ತು. ಮಾತಾಡುವ ಹಾಗಿಲ್ಲ, ಒಳಗಿನವರು ಉಣ್ಣುತ್ತಿದ್ದಾರೆ. ಕೆಮ್ಮು ಬಂದರೂ ತಡೆದುಕೊಳ್ಳುತ್ತಿದ್ದರು. ಕೆಳಗೆ ದೂರದಲ್ಲಿ ದೀಪಗಳು ಒಂದೊಂದೇ ಹತ್ತಿಕೊಂಡವು. ಬೆಟ್ಟದ ಮೇಲೆ ಮನುಷ್ಯರೆಲ್ಲ ಹೊರಗೆ, ಸತ್ತವರೆಲ್ಲ ಒಳಗೆ. ಈ ಮನೆಗಳು ನಿಜಕ್ಕೂ ಅವರವೇ, ನಾವು ಮಿಕ್ಕ ದಿನ ಬಂದು ಹೋಗುವವರು ಎಂದು ನನಗೆ ಅನ್ನಿಸಿ ಚಳಿಯಾಯಿತು. ಆಗ ದೊಡ್ಡವ್ವ ಪಿಸುಗುಟ್ಟಿದಳು.

"ಅತ್ತೆ ಎಲ್ಲಿ?"

"ಇತ್ಲಲ್ಲಿ ಅಳ್ತಾ ಕೂತಿರ್ಬೇಕು, ಸುಮ್ಕಿರು" ಎಂದ ದೊಡ್ಡಪ್ಪ.

ಸ್ವಲ್ಪ ಹೊತ್ತು ಬಿಟ್ಟು ಅವನು ಎದ್ದ. ಉಂಡು ಏಳುವವರಿಗೆ ಸುಳಿವು ಕೊಡುವಂತೆ ಒಂದು ಸಲ ಕೆಮ್ಮಿ, ಬಾಗಿಲು ತಟ್ಟಿ, ಮೆಲ್ಲಗೆ ನೂಕಿದ. ನೂಕಿದವನು ಒಳಗೆ ಕಾಲಿಡಲಿಲ್ಲ. ಅವನ ತೋಳಿನ ಸಂದಿಯಿಂದ ನಾನು ನೋಡಿದೆ. ಸಾಲಿನ ತುದಿಯ ಎಲೆಯ ಮುಂದೆ ಅಜ್ಜಿ ಚಕ್ಕಳಮಕ್ಕಳ ಹಾಕಿ ಕೂತಿದ್ದಳು. ಮಣಿಕಟ್ಟಿನವರೆಗೆ ಸಾರು. ಬಾಯಿ ತುಂಬ ಮುದ್ದೆ. ನಮ್ಮನ್ನು ನೋಡಿಯೂ ಅವಸರ ಮಾಡದೆ ನುಂಗಿದಳು.

"ಅವ್ವಾ! ಏನ್ ಮಾಡ್ಬುಟ್ಟೆ!"

"ಉಣ್ತಾ ಇವ್ನಿ. ಕಾಣಾಕಿಲ್ವಾ?"

"ಎಡೆ ಕಣವ್ವ ಅದು! ಸತ್ತೋರ್ದು!"

"ಬದ್ಕಿರೋ ಬಾಯಿ ಬಿದ್ಮೇಲೆ ಎಂಥಾ ಎಡೆಲಾ? ಊಟ ಇದು. ನನ್ ಮಗ ಬಂದಿರ್ಲಿಲ್ಲ, ಅವನ್ ಊಟ ನಾನುಂಡೆ. ಸತ್ತೋರವು ಅಲ್ಲಿ ಅವೆ ನೋಡು, ನಿಮ್ಮಪ್ಪಂದು, ನಿಮ್ ತಾತಂದು. ನಾನು ಬೆಳ್ಳೂ ಸೋಕ್ಸಿಲ್ಲ."

ದೊಡ್ಡವ್ವ ಹಣೆ ಹಣೆ ಚಚ್ಚಿಕೊಂಡಳು. "ಸತ್ತೋರ್ ಎಡೆ ಉಂಡೋರು ಬರೋ ಮಾರ್ನಮಿಗೆ ಅವ್ರ್ ಸಾಲ್ನಾಗೇ ಕೂರ್ತಾರಂತೆ ಕಣತ್ತೆ!"

"ಕೂರ್ತೀನಿ ಬುಡೇ. ಆದ್ರೆ ವಡೆ ನೀನ್ ಸುಡಬ್ಯಾಡ, ಜಯಿ ಸುಡ್ಲಿ. ಕಲ್ ಕಲ್ಲಾಗವೆ" ಎಂದು ಅಜ್ಜಿ ಎಲೆಯ ಮೇಲಿದ್ದ ವಡೆಯೊಂದನ್ನು ಎತ್ತಿ ತೋರಿಸಿದಳು.

ನಗುವ ಹೊತ್ತಲ್ಲ ಅದು. ಲಕ್ಷ್ಮಕ್ಕ ಬಾಯಿಗೆ ಸೆರಗು ತುರುಕಿಕೊಂಡು ಬೇರೆ ಕಡೆ ತಿರುಗಿದ್ದು ಅಳುವುದಕ್ಕೋ ನಗುವುದಕ್ಕೋ ತಿಳಿಯಲಿಲ್ಲ. ದೊಡ್ಡಪ್ಪ ಜಗಲಿಯ ಮೇಲೆ ಕುಸಿದು ಕೂತ. ಅವ್ವ ಒಬ್ಬಳು ಒಳಗೆ ಹೋದಳು. ಅಜ್ಜಿ ಕೈ ತೊಳೆಯಲು ಎದ್ದ ಮೇಲೆ, ಊಟವಾದ ಎಲೆಯನ್ನು ಮಡಚುವ ಹಾಗೆ ಆ ಎಲೆಯನ್ನು ಮಡಚಿ, ತಿಪ್ಪೆಗೆ ಎಸೆದು ಬಂದು, ಆ ಜಾಗಕ್ಕೆ ಸಗಣಿ ಹಾಕಿ ಸಾರಿಸಿದಳು. ಎಂಜಲು ಬಳಿಯುವಷ್ಟೇ ಸಹಜವಾಗಿ. ಪಂಚೆಯನ್ನು ಪಕ್ಕಕ್ಕೆ ತೆಗೆದಿಟ್ಟಳು. ಅವ್ವನ ಬಳೆಗಳು ಸದ್ದು ಮಾಡುತ್ತಿದ್ದವು. ಉಳಿದುಕೊಂಡವು ಎಂದು ನನಗೆ ಹಿಗ್ಗು. ಹಿಗ್ಗಿನ ಹಿಂದೆಯೇ, ಹಾಗಾದರೆ ನಾವು ಇನ್ನು ಇಲ್ಲಿಂದ ಇಳಿಯುವುದಿಲ್ಲ ಎಂಬುದೂ ಹೊಳೆಯಿತು. ಆ ಎರಡನ್ನೂ ಒಟ್ಟಿಗೆ ಹಿಡಿದುಕೊಳ್ಳುವಷ್ಟು ನಾನು ದೊಡ್ಡವಳಿರಲಿಲ್ಲ. ಗೂಟಕ್ಕೆ ಕಟ್ಟಿದ್ದ ಮೇಕೆಮರಿಯ ಪಕ್ಕ ಹೋಗಿ ಕೂತೆ.

ಮಾರನೆಯ ಬೆಳಗ್ಗೆ ಅವ್ವ ತಲೆಗೆ ನೀರು ಹಾಕಿಕೊಂಡು, ಹಣೆಗೆ ಎಂದಿಗಿಂತ ದೊಡ್ಡದಾಗಿ ಕುಂಕುಮ ಇಟ್ಟುಕೊಂಡು, ಒಂದು ಕೈಚೀಲಕ್ಕೆ ಸೀರೆ ತುಂಬಿಕೊಂಡಳು. ದೊಡ್ಡಪ್ಪ ಜಗಲಿಯ ಮೇಲೆಯೇ ಇದ್ದ. ಅವತ್ತು ಅವಳು ಬಾಗಿಲ ಮರೆಗೆ ಹೋಗಲಿಲ್ಲ. ನಡುಮನೆಯ ಮಧ್ಯಕ್ಕೆ ಬಂದು ನಿಂತಳು.

"ಅತ್ತೆ, ಅರಕಲಗೂಡಿಗೆ ಓಯ್ತೀನಿ."

"ಎಂಗೇ ಓಯ್ತೀಯ? ಗಂಡ ಇರೋಳು!"

"ಅದ್ಕೇ ಓಯ್ತಾ ಇರಾದು. ಎಲೆ ಆಕ್ಬುಟ್ಟು, ಬಳೆ ತೆಗ್ದು ಓಗು ಅಂದಿದ್ರೆ ಓಯ್ತಿರ್ಲಿಲ್ಲ, ಇಲ್ಲೇ ಸಾಯ್ತಿದ್ದೆ. ಅವ್ರು ಬದ್ಕವ್ರೆ ಅಂತ ನೆನ್ನೆ ನೀವೇ ಎಲ್ರ ಎದ್ರಿಗೂ ತೋರ್ಸಿದ್ರಲ್ಲ. ಇರೋರ್ಗೆ ಕಾಲ್ ಅವೆ, ಬಾಯೈತೆ. ಬಂದ್ರೆ ದಾರಿ ಏಳಿ ಕಳ್ಸಿ. ಬಸ್ಸೈತೆ."

ನಾನು ಹುಟ್ಟಿದಾಗಿನಿಂದ ಅವ್ವ ಒಟ್ಟಿಗೆ ಅಷ್ಟು ಮಾತಾಡಿದ್ದು ಕೇಳಿರಲಿಲ್ಲ. ಅಜ್ಜಿ ಉಂಡು ಉಳಿಸಿಕೊಂಡ ಮಗನನ್ನೇ ಮುಂದಿಟ್ಟುಕೊಂಡು ಸೊಸೆ ಹೊಸ್ತಿಲು ದಾಟುತ್ತಿದ್ದಾಳೆ. ಇಲ್ಲ ಎನ್ನಬೇಕಾದರೆ ಮಗ ಇಲ್ಲ ಎನ್ನಬೇಕು. ಅಜ್ಜಿ ಹೇಳಿದ್ದು ಇಷ್ಟೇ.

"ಕೂಸ್ನ ಬುಟ್ಟೋಗು."

ಹಾಸ್ಟೆಲ್ಲಿನಲ್ಲಿ ಜಾಗ ಹೇಗೋ ಏನೋ ನೋಡಿಕೊಂಡು ಕರೆಸಿಕೊಳ್ಳುತ್ತೇನೆ ಎಂದು ಅವ್ವ ನನ್ನ ತಲೆ ನೇವರಿಸಿದಳು. ಅವಳು ಬೆಟ್ಟ ಇಳಿದು, ಹೊಲದ ಬದುಗಳಲ್ಲಿ ಸಣ್ಣಗಾಗಿ, ರಸ್ತೆಯ ಹತ್ತಿರ ಚುಕ್ಕೆಯಾಗಿ, ಬಸ್ಸು ಬಂದು ಹೋದ ಮೇಲೆ ಇಲ್ಲವಾದಳು. ಬಂಡೆಯ ಮೇಲಿನಿಂದ ಅದೆಲ್ಲವೂ ಚೆನ್ನಾಗಿ ಕಾಣುತ್ತಿತ್ತು.

ಆಮೇಲಿನ ದಿನಗಳನ್ನು ನೆನೆದರೆ ನನಗೆ ನೆನಪಾಗುವುದು ಸದ್ದಿಲ್ಲದ ಒಂದು ಬಿಳೀ ಬಿಸಿಲು. ನಾನು ಮಾತು ಬಿಟ್ಟೆ. ಹಟ ಮಾಡಿ ಬಿಟ್ಟದ್ದಲ್ಲ. ಆಡಬೇಕೆಂದು ಬಾಯಿ ತೆರೆದರೆ ಆಡುವುದೇನೂ ಸಿಕ್ಕುತ್ತಿರಲಿಲ್ಲ. ಶಾಲೆಯಲ್ಲಿ ಮೇಷ್ಟ್ರು ಕೇಳಿದರೆ ತಲೆ ಆಡಿಸುತ್ತಿದ್ದೆ. ಅಜ್ಜಿ ಮೊದಮೊದಲು ಗಮನಿಸಲಿಲ್ಲ. ಆಮೇಲೆ ಮಗನ ಜೊತೆಗಿನ ಮಾತನ್ನು ಅರ್ಧಕ್ಕೆ ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದಳು. ಒಗಟು ಹೇಳಿದಳು. ಕತೆ ಹೇಳಿದಳು. ಕೋಪ ಬಂದರಾದರೂ ಬಾಯಿ ಬಿಡುತ್ತೇನೆಂದು ನನ್ನ ಮೆಚ್ಚಿನ ಮೇಕೆಮರಿಯನ್ನು ಸಂತೆಗೆ ಹೊಡೆಸುತ್ತೇನೆ ಎಂದಳು. ನಾನು ಮರಿಯ ಹಗ್ಗ ಬಿಚ್ಚಿ ಅವಳ ಕೈಗೆ ಕೊಟ್ಟೆ. ಅವತ್ತು ಅಜ್ಜಿ ಹೆದರಿದಳು. ಹಗ್ಗ ಹಿಡಿದುಕೊಂಡು ಅಂಗಳದಲ್ಲಿ ನಿಂತೇ ಇದ್ದಳು.

ದೀಪಾವಳಿ ಕಳೆದು ರಾಗಿ ಕೊಯ್ಲಿಗೆ ಬಂದಿತ್ತು. ಒಂದು ಬೆಳಗ್ಗೆ ಅಜ್ಜಿ ಪೆಟ್ಟಿಗೆಯಿಂದ ಒಳ್ಳೆಯ ಸೀರೆ ತೆಗೆದು ಉಟ್ಟು, ನನ್ನ ಬಟ್ಟೆಗಳನ್ನು ಗಂಟು ಕಟ್ಟಿ, "ನಡಿ" ಎಂದಳು. ಬಹಳ ಕಾಲದಿಂದ ಬೆಟ್ಟ ಇಳಿಯದ ಕಾಲು ಅವಳದು. ಕೂತು ಕೂತು, ಬಂಡೆ ಹಿಡಿದುಕೊಂಡು ಇಳಿದಳು. ಕೊಣನೂರಿನಲ್ಲಿ ಬಸ್ಸು ಹತ್ತಿದ್ದೇ ತಡ ಕಂಡಕ್ಟರನ ತೋಳು ಹಿಡಿ ಹಿಡಿದು ಕೇಳತೊಡಗಿದಳು.

"ಅರಕಲಗೂಡು ಬಂದ್ರೆ ಏಳಪ್ಪ ಸಾಮಿ. ಬಂತೇನಪ್ಪ?"

"ಇನ್ನೂ ಕೊಣನೂರೇ ಬುಟ್ಟಿಲ್ಲ ಕಣಜ್ಜಿ, ಡ್ರೈವರು ಟೀ ಕುಡೀತಾವ್ನೆ."

"ಅವ್ನಿಗೂ ಏಳಪ್ಪ, ಇಳಿಯೋರವ್ರೆ ಅಂತ."

ಬಸ್ಸೆಲ್ಲ ನಕ್ಕಿತು. ಅಜ್ಜಿ ನಗಲಿಲ್ಲ. ನನ್ನ ಗಂಟನ್ನು ಮಡಿಲಲ್ಲಿ ಅದುಮಿಕೊಂಡು ಕೂತಳು.

ಹಾಸ್ಟೆಲ್ಲಿನ ಹಿಂಬಾಗಿಲಲ್ಲಿ ಅವ್ವ ಅಕ್ಕಿ ಆರಿಸುತ್ತಾ ಕೂತಿದ್ದಳು. ನಮ್ಮನ್ನು ಕಂಡು ಎದ್ದವಳ ಮುಖದಲ್ಲಿ ಮೊದಲು ಬಂದದ್ದು ದಿಗಿಲು, ಏನೋ ಸುದ್ದಿ ತಂದಿದ್ದಾರೆ ಎಂದು. ಆ ಒಂದು ಗಳಿಗೆ ಅವಳ ಕೈ ತಾನಾಗಿ ಬಳೆಗಳ ಮೇಲೆ ಹೋದದ್ದನ್ನು ನಾನೂ ನೋಡಿದೆ, ಅಜ್ಜಿಯೂ ನೋಡಿದಳು.

"ಏನೂ ಆಗಿಲ್ಲ ಕಣವ್ವ, ಎದುರ್ಕಬ್ಯಾಡ" ಎಂದು ಅಜ್ಜಿ ಮೆಟ್ಟಿಲ ಮೇಲೆ ಕೂತಳು. "ಇವ್ಳು ಅಲ್ಲಿ ಮಾತಾಡಾಕಿಲ್ಲ. ಎಲ್ಲಾ ಮಾಡ್ದೆ. ಮರಿ ಮಾರ್ತೀನಿ ಅಂದ್ರೆ ಅಗ್ಗಾನೇ ತಂದ್ಕೊಟ್ಲು ಕಣೇ ಈ ಮುಂಡೇದು. ಇಲ್ಲೇ ಇಟ್ಕೋ."

"ನೀವೊಬ್ರೇ ಅಲ್ಲಿ..." ಎಂದಳು ಅವ್ವ.

"ಕಾಯಾಕೆ ಮನೇಗೊಬ್ರು ಸಾಕು ಕಣವ್ವ. ಮೂರ್ ಜನ ಯಾಕೆ?"

ಅವ್ವ ಅಜ್ಜಿಯ ಕಾಲ ಬಳಿ ಕೂತಳು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ, ನೆಲ ನೋಡುತ್ತಾ ಕೇಳಿದಳು.

"ಅತ್ತೆ, ಅವ್ರು ಬತ್ತಾರೆ ಅಂತೀರಾ?"

ಅಜ್ಜಿ ಬೆಟ್ಟವಿರುವ ದಿಕ್ಕಿಗೆ ಒಂದು ಸಲ ನೋಡಿದಳು. ಅಲ್ಲಿಂದ ಬೆಟ್ಟ ಕಾಣುತ್ತಿರಲಿಲ್ಲ, ಮನೆಗಳು ಅಡ್ಡ ಇದ್ದವು.

"ನಂಗೇನ್ ಗೊತ್ತವ್ವ" ಎಂದಳು.

ನನ್ನ ಮಟ್ಟಿಗೆ ಅವಳು ಜೀವಮಾನದಲ್ಲಿ ಆಡಿದ ಅತಿ ಕಷ್ಟದ ಮಾತು ಅದು. ಅವ್ವ ಕೊಟ್ಟ ಮಜ್ಜಿಗೆ ಕುಡಿದು, ನನ್ನ ಗಲ್ಲ ಹಿಂಡಿ, ಬಸ್ಸಿನ ಹೊತ್ತು ಕೇಳಿಕೊಂಡು ಎದ್ದಳು. ಅವ್ವ ಗೇಟಿನವರೆಗೆ ಹೋದಳು. ನಾನು ಹೋಗಲಿಲ್ಲ. ಅಜ್ಜಿ ಬೀದಿಯ ತಿರುವಿನಲ್ಲಿ ಯಾರನ್ನೋ ತಡೆದು ದಾರಿ ಕೇಳುತ್ತಿದ್ದದ್ದು ಕಾಣಿಸಿತು. ಆಮೇಲೂ ಅವಳು ಎಷ್ಟೋ ಮಾರ್ನಮಿ ಕಂಡಳು, ನಾವು ಹಬ್ಬಕ್ಕೆಂದು ಬೆಟ್ಟ ಹತ್ತಿ ಹೋಗಿ ಬರುತ್ತಿದ್ದೆವು. ದೊಡ್ಡಪ್ಪ ಮತ್ತೆ ಎಲೆಯ ಮಾತೆತ್ತಲಿಲ್ಲ. ಲಕ್ಷ್ಮಕ್ಕನಿಗೆ ಬೇರೊಂದು ಸಂಬಂಧ ಕೂಡಿಬಂತು. ಅಪ್ಪ ಮಾತ್ರ ಬರಲಿಲ್ಲ.

ಅಜ್ಜಿ ನನ್ನನ್ನು ಬಿಟ್ಟುಹೋದ ಆ ದಿನ ಮಧ್ಯಾಹ್ನ ಶಾಲೆಯಿಂದ ಹುಡುಗಿಯರು ಗದ್ದಲ ಮಾಡುತ್ತಾ ಬಂದರು. ಉದ್ದನೆಯ ಹಜಾರದಲ್ಲಿ ಸಾಲಾಗಿ ತಟ್ಟೆ ಹಾಕಿಕೊಂಡು ಕೂತರು. ಅವ್ವ ಅನ್ನದ ಪಾತ್ರೆ ಎತ್ತಿಕೊಳ್ಳುತ್ತಾ ನನಗೂ ಒಂದು ತಟ್ಟೆ ಕೊಟ್ಟು ಸಾಲಿನ ನಡುವೆ ಕೂರಿಸಿದಳು. ಉಣ್ಣುವಾಗ ಪಕ್ಕದವರ ಮೊಣಕೈ ತಾಗುತ್ತದೆ ಎಂಬುದು ನನಗೆ ಅದುವರೆಗೆ ಗೊತ್ತೇ ಇರಲಿಲ್ಲ. ಎರಡು ಜಡೆಯ ಒಬ್ಬ ಹುಡುಗಿ, ಬಾಯಿ ತುಂಬ ಅನ್ನ ಇಟ್ಟುಕೊಂಡೇ ನನ್ನನ್ನು ಗದರಿದಳು.

"ಒಸಿ ಆ ಕಡೆ ಸರ್ಕೊಳೇ, ಜಾಗ ಐತಲ್ಲ!"

ಜಾಗ ಇತ್ತು. ನಾನು ಸರಿಯಲಿಲ್ಲ.